ಗುಂಡಿ ಮುಚ್ಚಿದ ಮೇಲೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವನು. ಅಲ್ಲಿನ ಗೋಡೆ ಮೇಲೆ ನಾಲ್ಕೇ ಮಾತು: ಯೋಚಿಸು, ಮಾಡು, ನೋಡು, ತಿದ್ದು. 1950ರಲ್ಲಿ ಅಮೆರಿಕದ ಗುಣಮಟ್ಟ ತಜ್ಞ ಡೆಮಿಂಗ್ ಜಪಾನಿನ ಇಂಜಿನಿಯರುಗಳಿಗೆ ಪಾಠ ಮಾಡಿದ ಮೇಲೆ ಬೆಳೆದ ಪಿಡಿಸಿಎ (ಪ್ಲಾನ್, ಡೂ, ಚೆಕ್, ಆಕ್ಟ್) ಚಕ್ರ ಇದು. ಅದರ ಬೇರು ಅಮೆರಿಕದವರೇ ಆದ ಸಂಖ್ಯಾಶಾಸ್ತ್ರಜ್ಞ ಶೂಹಾರ್ಟ್ ಅವರ ಯೋಚನೆಯಲ್ಲಿದೆ.

ನಮ್ಮಲ್ಲಿ ಲೇತ್ ಯಂತ್ರದಲ್ಲಿ ಕೊರೆಯುವ ಬುಶ್‌ನ (ಬಳೆಯಂಥ ಬಿಡಿಭಾಗದ) ತೂತು ಮಧ್ಯಾಹ್ನದ ಹೊತ್ತಿಗೆ ಸಣ್ಣದಾಗುತ್ತಿತ್ತು. ಸುಮ್ನೆ ಹುಡುಗರಿಗೆ ಬೈಗುಳ. ಕೊನೆಗೆ ಗಂಟೆಗೊಮ್ಮೆ ಐದು ಪೀಸ್ ಅಳೆದು ಚಾರ್ಟಿನಲ್ಲಿ ಚುಕ್ಕೆ ಇಟ್ಟೆವು. ಚುಕ್ಕೆಗಳು ಮೆಲ್ಲಗೆ ಕೆಳಗಿಳಿದವು. ಕೊರೆಯುವ ಉಪಕರಣದ ತುದಿ, ಅಂದರೆ ಇನ್ಸರ್ಟ್, ಸವೆಯುತ್ತಿತ್ತು, ಅಷ್ಟೇ! ಒಂದೇ ಲೇತ್‌ನಲ್ಲಿ ಅದನ್ನು ಬೇಗ ಬದಲಿಸಿ ನೋಡಿದೆವು. ಸರಿಹೋಯಿತು. ಆಮೇಲೆ ಎಲ್ಲ ಲೇತ್‌ಗೂ ಅದೇ ನಿಯಮ.

ಈಗ ನಮ್ಮ ಬಡಾವಣೆಯ ಬಸ್ ನಿಲ್ದಾಣದ ಎದುರಿನ ಗುಂಡಿಗೆ ಬನ್ನಿ. ಪ್ರತಿ ಮಳೆಗಾಲ ಅದೇ ಜಾಗ, ಅದೇ ಜಲ್ಲಿ, ಅದೇ ಡಾಂಬರು. ‘ಮಾಡು’ ಒಂದೇ ಉಳಿದಿದೆ. ಪಕ್ಕದ ಚರಂಡಿಯ ಬಾಯಿ ರಸ್ತೆಗಿಂತ ಎತ್ತರದಲ್ಲಿದೆ. ನೀರು ನಿಂತರೆ ಡಾಂಬರು ಕಿತ್ತು ಬರದೆ ಇನ್ನೇನಾಗುತ್ತದೆ? ಇದು ಕಣ್ಣಿಗೆ ಕಾಣುವ ಸಂಗತಿ ಅಲ್ವಾ? ಆದರೆ ಮಳೆ ಬಂದ ಮೇಲೆ ಬಂದು ನೋಡುವುದು ಯಾರ ಕೆಲಸದ ಪಟ್ಟಿಯಲ್ಲೂ ಇದ್ದಂತಿಲ್ಲ.

ಈ ಸಲ ಆ ಚರಂಡಿಯ ಬಾಯನ್ನು ತಗ್ಗಿಸಿ, ಆಮೇಲೆ ಡಾಂಬರು ಹಾಕಲಿ. ಎರಡು ಜೋರು ಮಳೆ ಕಳೆದ ಮೇಲೆ ಇಂಜಿನಿಯರು ಅಲ್ಲೇ ನಿಂತು ಫೋಟೊ ತೆಗೆದ ನಂತರವೇ ಕಂತ್ರಾಟುದಾರರ ಕೊನೆಯ ಬಿಲ್ ಪಾಸಾಗಲಿ.

– ನಿವೃತ್ತ ಫೋರ್‌ಮನ್, ಬೆಂಗಳೂರು