ತೊಂಬತ್ತು ದಾಟಿದವರ ಬಗ್ಗೆ ಬರೆಯುತ್ತಿರುವ ತಂಗಿಗೆ

ಹಾಸನ

ಪ್ರೀತಿಯ ತಂಗೀ,

ಮೂಡಿಗೆರೆಯಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ತುಂಬು ಬಾಳು ಬಾಳಿದ ಕನ್ನಡದ ಹಿರಿಯರನ್ನೆಲ್ಲ ಒಂದು ಕಡೆ ಸೇರಿಸಿದ್ದೀಯ, ಖುಷಿಯಾಯಿತು. ಆದರೆ ಒಬ್ಬೊಬ್ಬರಿಗೂ ಹುಟ್ಟಿದ ದಿನ, ತೀರಿಕೊಂಡ ದಿನ, ಏನು ಊಟ ಮಾಡುತ್ತಿದ್ದರು ಅನ್ನೋ ಎರಡು ಸಾಲು, ಅಷ್ಟೇ. ಮನುಷ್ಯರು ಕಾಣುವುದೇ ಇಲ್ಲ.

ಎ.ಎನ್. ಮೂರ್ತಿರಾಯರನ್ನೇ ನೋಡು. 1900ರಿಂದ 2003, ನೂರಮೂರು ವರ್ಷ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಅವರ ‘ದೇವರು’ ಪುಸ್ತಕ ಬಂದಿದ್ದು 1991ರಲ್ಲಿ. ಆ ವಯಸ್ಸಿಗೆ ನಮ್ಮ ಕಡೆ ಜಪಮಣಿ ಹಿಡಿಯುವವರೇ ಜಾಸ್ತಿ, ಅಲ್ವಾ? ಇವರು ದೇವರು ಇದ್ದಾನೆಯೇ ಎಂದು ಕೂತು ವಿಚಾರ ಮಾಡಿದರು. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರ ಬೇಡ ಎಂದು ಲೋಕಸಭೆ ಚುನಾವಣೆಗೆ ನಿಂತರು. ಸೋತರು. ಆ ಸೋಲನ್ನೂ ಬರೆ. ‘ಇಗೋ ಕನ್ನಡ’ ಅಂಕಣ ಶುರು ಮಾಡುವಾಗ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರಿಗೆ ಎಪ್ಪತ್ತೈದು ದಾಟಿತ್ತು. ಓದುಗರು ಕೇಳಿದ ಒಂದೊಂದು ಪದಕ್ಕೂ ಉತ್ತರ ಬರೆದರು.

ವಯಸ್ಸಿನ ಲೆಕ್ಕದಲ್ಲಿ ಹುಷಾರಾಗಿರು. ಹಳೆಯ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಒಂದು ತಾರೀಕು ಹಾಕುತ್ತಿದ್ದರು. ಶಾಲೆಗೇ ಹೋಗದವರಿಗೆ ಅದೂ ಇಲ್ಲ. ನಮ್ಮ ಊರುಗಳಲ್ಲಿ ಕೇಳುವುದಾದರೆ, ಹುಟ್ಟಿದ ವರ್ಷ ಯಾವುದು ಎನ್ನಬೇಡ. ಗೊರೂರಿನ ಅಣೆಕಟ್ಟು ಮುಗಿದಾಗ ದೊಡ್ಡ ಮಗನಿಗೆ ಎಷ್ಟು ವಯಸ್ಸು ಅಂತ ಕೇಳು. ಅದು 1979. ಅಲ್ಲಿಂದ ಹಿಂದಕ್ಕೆ ಎಣಿಸಬಹುದು.

ಇನ್ನೊಂದು ಮಾತು. ನನಗೆ ಇದು ಎಲ್ಲಕ್ಕಿಂತ ದೊಡ್ಡದು. ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ಪತ್ರಿಕೆಗಳು 114 ವರ್ಷ ಎಂದವು, ನೀನೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೀಯ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿಗಳಿಗೆ ನೀರು ಹೊತ್ತದ್ದು ಅವರೊಬ್ಬರೇ ಅಲ್ಲ, ಗಂಡ ಚಿಕ್ಕಯ್ಯನೂ ಜೊತೆಗಿದ್ದರು. ಚಿಕ್ಕಯ್ಯ ಹೋಗಿದ್ದು 1991ರಲ್ಲಿ. ಪದ್ಮಶ್ರೀ ಬಂದಿದ್ದು 2019ರಲ್ಲಿ. ನಡುವಿನ ಇಪ್ಪತ್ತೆಂಟು ವರ್ಷ ನಿನ್ನ ಲೇಖನದಲ್ಲಿ ಎಲ್ಲಿದೆ? ಜಾಸ್ತಿ ಬದುಕುವುದು ಅಂದರೆ ಜೊತೆಯವರನ್ನು ಒಬ್ಬೊಬ್ಬರನ್ನೇ ಕಳಿಸಿಕೊಡುವುದು ಕೂಡ.

ಇದನ್ನು ನನಗೆ ಹೇಳಿಕೊಟ್ಟವರು ಸಾಲಗಾಮೆ ರಸ್ತೆಯ ನಮ್ಮ ಮನೆಯ ಹಿಂದಿನ ಅಜ್ಜಿ. ತೊಂಬತ್ತು ದಾಟಿದೆ. ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಇಷ್ಟು ವರ್ಷ ಗಟ್ಟಿಯಾಗಿದ್ದೀರಲ್ಲ, ಏನು ಗುಟ್ಟು ಅಂತ ನಾನು ಸುಮ್ನೆ ಕೇಳಿದೆ. ಅವರು ತಲೆ ಎತ್ತಲಿಲ್ಲ. “ನನ್ನ ಹೆಸರು ಹಿಡಿದು ಕರೆಯೋರು ಒಬ್ಬರೂ ಉಳಿದಿಲ್ಲ ಕಣವ್ವಾ. ಎಲ್ಲರಿಗೂ ಅಜ್ಜಿ ಆಗಿಬಿಟ್ಟೆ” ಅಂದರು. ಹತ್ತು ವರ್ಷ ಪಕ್ಕದಲ್ಲಿದ್ದರೂ ಅವರ ಹೆಸರು ನನಗೂ ಗೊತ್ತಿರಲಿಲ್ಲ. ಅವತ್ತು ಕೇಳಿ ತಿಳಿದುಕೊಂಡೆ.

ಲೇಖನವನ್ನು ಇನ್ನೂ ಯಾರಿಗೂ ಕಳಿಸಬೇಡ. ಹೆಸರುಗಳನ್ನು ಕಡಿಮೆ ಮಾಡು, ಮೂರು ಜನ ಸಾಕು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹತ್ತಿ ಬಾ, ಅಜ್ಜಿಯ ಹತ್ತಿರ ಹೋಗೋಣ. ಮಧ್ಯಾಹ್ನ ಅವರು ಮಲಗುತ್ತಾರೆ, ಹನ್ನೊಂದರೊಳಗೆ ಬಂದರೆ ಒಳ್ಳೆಯದು.

ಇತಿ,
ನಿನ್ನ ಅಕ್ಕ