ಭಾನುವಾರದ ಮಾತುಕತೆ: ಹೈತ್ ಕಟ್ಟೆಯ ಪುಟ್ಟ ರೈಲು

ಆತ್ಮೀಯ ಸದಸ್ಯರೇ,

ಈ ಭಾನುವಾರ ಸಂಜೆ 6ಕ್ಕೆ ಇಂಗ್ಲೆಂಡಿನ ಹೈತ್ ಊರಿನ ರೈಲಿನ ಬಗ್ಗೆ ಮಾತನಾಡೋಣ. ಸೌತಾಂಪ್ಟನ್ ಎದುರಿನ ಈ ದಡದಲ್ಲಿ ನೀರು ಆಳವಿಲ್ಲ. ದೋಣಿ ಹತ್ತಲು 1881ರಲ್ಲಿ ದಡದಿಂದ ನೀರಿನೊಳಗೆ ಚಾಚಿದ, ಸುಮಾರು 640 ಮೀಟರ್ ಉದ್ದದ ಕಟ್ಟೆ (ಪಿಯರ್) ಕಟ್ಟಿದರು. ಪ್ರಯಾಣಿಕರ ಸಾಮಾನು ಸಾಗಿಸಲು 1909ರಲ್ಲಿ ಅದರ ಮೇಲೆ ತಳ್ಳುಗಾಡಿಯ ಹಳಿ ಬಂತು. ವಿದ್ಯುತ್ ರೈಲು ಓಡಿದ್ದು 1922ರಲ್ಲಿ.

ನನ್ನನ್ನು ಬಹಳ ಕಾಡಿದ ಸಂಗತಿ ಎಂಜಿನ್‌ಗಳದು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಏವನ್‌ಮೌತ್‌ನ ಮಸ್ಟರ್ಡ್ ಗ್ಯಾಸ್ ಕಾರ್ಖಾನೆಗೆಂದು ಬ್ರಷ್ ಕಂಪನಿ ತಯಾರಿಸಿದ ಬ್ಯಾಟರಿ ಎಂಜಿನ್‌ಗಳಿವು! ವಿಷಾನಿಲದ ಅಂಗಳ ಬಿಟ್ಟು, ಬ್ಯಾಟರಿಯ ಬದಲು ಮೂರನೆಯ ಹಳಿಯಿಂದ (ಓಡುವ ಎರಡು ಹಳಿಗಳ ಜೊತೆಗಿರುವ, ವಿದ್ಯುತ್ ಹರಿಯುವ ಹಳಿ) ವಿದ್ಯುತ್ ಪಡೆಯುತ್ತ, ದೋಣಿಗೆ ಹೊರಟವರನ್ನು ಕರೆದೊಯ್ಯುವ ಕೆಲಸಕ್ಕೆ ನಿಂತವು. ಹಳಿಗಳ ಅಂತರ ಕೇವಲ 2 ಅಡಿ. ಎಂಜಿನ್ ಸದಾ ದಡದ ತುದಿಯಲ್ಲೇ ಇರುತ್ತದೆ. ಹೋಗುವಾಗ ಬೋಗಿಗಳನ್ನು ಕಡಲಿನತ್ತ ದೂಡುತ್ತದೆ, ಬರುವಾಗ ಎಳೆಯುತ್ತದೆ. ಚಾಲಕನ ಇನ್ನೊಂದು ಕೋಣೆ ಮುಂದಿನ ಬೋಗಿಯ ಮೂತಿಯಲ್ಲಿದೆ.

ಇಂಗ್ಲೆಂಡಿನದೇ ಇನ್ನೊಂದು ಕಡಲೂರು ಸೌತೆಂಡ್‌ನ ಕಟ್ಟೆಯ ರೈಲು ಇದಕ್ಕಿಂತ ಹಳೆಯದು, 1890ರದು. ಆದರೆ ನಡುವೆ ವರ್ಷಗಟ್ಟಲೆ ನಿಂತಿತ್ತು. ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ.

ಹೈತ್‌ಗೆ ಹೋಗಿ ಬಂದವರು ನೀವೇ ತೆಗೆದ ಚಿತ್ರಗಳನ್ನು ಶನಿವಾರದೊಳಗೆ ಇಲ್ಲಿ ಹಾಕಿ. ಎಂಜಿನ್ ಹತ್ತಿರದಿಂದ ಕಾಣುವಂಥದ್ದು ಇದ್ದರೆ ದಯವಿಟ್ಟು ಮರೆಯಬೇಡಿ.