ಖುಷಿಯನ್ನು ಮುಚ್ಚಿಡಬೇಡ ತಂಗಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಜೊತೆಗಿಟ್ಟಿದ್ದ ಪತ್ರವನ್ನೂ ಓದಿದೆ. ನೇರವಾಗಿ ಹೇಳುತ್ತೇನೆ, ಪತ್ರವೇ ಚೆನ್ನಾಗಿದೆ. ಗ್ರೀಕ್ ದೇವರ ಮಗನಾದ ಹುಡುಗ ಪರ್ಸಿ ಜಾಕ್ಸನ್‌ನ ಇಂಗ್ಲಿಷ್ ಕಾದಂಬರಿ ಸರಣಿಯ ಮೊದಲ ಪುಸ್ತಕವನ್ನು ಊಟ ಬಿಟ್ಟು ಓದಿದ್ದು, ಹಾವಿನ ಕೂದಲಿನ ರಾಕ್ಷಸಿ ಮೆಡೂಸಾ ಬಂದಾಗ ಮಲಗಿದ್ದ ತಮ್ಮನನ್ನು ಎಬ್ಬಿಸಿ ಓದಿ ಹೇಳಿದ್ದು, ಎಲ್ಲ ಬರೆದಿದ್ದೀಯ. ಓದುತ್ತಾ ನನಗೂ ಖುಷಿಯಾಯಿತು. ಕಥೆ ಮಾತ್ರ 'ಅಸ್ತಿತ್ವದ ಶೂನ್ಯ' ಅಂತ ಶುರುವಾಗುತ್ತದೆ. ಅದು ನಿನ್ನ ಮಾತಲ್ಲ. ಯಾರನ್ನು ಮೆಚ್ಚಿಸಲು ಬರೆದೆ?

ಪತ್ರದ ಕೊನೆಯ ಸಾಲು ಓದಿ ಬೇಜಾರಾಯಿತು. 'ಇದು ಮಕ್ಕಳ ಪುಸ್ತಕ ಸರ್, ನಗಬೇಡಿ' ಎಂದಿದ್ದೀಯ. ನಾನ್ಯಾಕೆ ನಗಲಿ? ಅದು ಬಂದದ್ದು 2005ರಲ್ಲಿ. ಬರೆದ ರಿಕ್ ರಯರ್ಡನ್ ಶಾಲೆಯ ಮೇಷ್ಟ್ರಾಗಿದ್ದವರು. ಓದಲು ಕಷ್ಟಪಡುತ್ತಿದ್ದ ಮಗನಿಗೆ ರಾತ್ರಿ ಗ್ರೀಕ್ ದೇವತೆಗಳ ಕಥೆ ಹೇಳುತ್ತಿದ್ದರು. ಗೊತ್ತಿದ್ದ ಕಥೆಗಳೆಲ್ಲ ಮುಗಿದವು, ಮಗ ಬಿಡಲಿಲ್ಲ. ಆಗ ಹೊಸದೊಂದನ್ನು ಕಟ್ಟಿದರು. ಮಗನ ಕಷ್ಟವನ್ನೇ ನಾಯಕನಿಗೂ ಕೊಟ್ಟರು. ಪರ್ಸಿಗೆ ಇಂಗ್ಲಿಷ್ ಅಕ್ಷರ ಕಣ್ಣ ಮುಂದೆ ತೇಲುತ್ತವೆ, ಯಾಕೆಂದರೆ ಅವನ ಮೆದುಳು ಹಳೇ ಗ್ರೀಕ್ ಓದಲು ತಯಾರಾಗಿದೆ! ಕೇಳುವ ಹುಡುಗ ಎದ್ದು ಹೋಗಬಾರದು ಎಂಬ ಕಾಳಜಿಯಲ್ಲಿ ಹುಟ್ಟಿದ ಕಥೆ ಅದು. ನಿನ್ನ ಕಥೆಯಲ್ಲಿ ಆ ಕಾಳಜಿ ಎಲ್ಲಿದೆ?

ಪ್ರಕಾಶಕರು ಯಾರು, ಎಷ್ಟು ಪುಟ ಇರಬೇಕು ಅಂತ ಕೇಳಿದ್ದೀಯ. ಅದನ್ನೆಲ್ಲ ಬೇರೆಯವರು ಹೇಳುತ್ತಾರೆ, ಬಿಡು.

ನಾನು ಕಾಲೇಜಿನಲ್ಲಿದ್ದಾಗ ಒಬ್ಬ ಅಧ್ಯಾಪಕರು ನನ್ನ ಗೆಳೆಯನ ಕೈಯಿಂದ ಪತ್ತೇದಾರಿ ಕಾದಂಬರಿ ಕಿತ್ತುಕೊಂಡರು. ಇಂಥದ್ದು ಓದುವವನು ಉದ್ಧಾರ ಆಗಲ್ಲ ಎಂದು ಇಡೀ ಕ್ಲಾಸಿನ ಮುಂದೆ ಹೇಳಿದರು. ಅವನು ಚೆನ್ನಾಗಿ ಬರೆಯುತ್ತಿದ್ದ. ಆಮೇಲೆ ಓದುವುದನ್ನೂ ಬಿಟ್ಟ, ಬರೆಯುವುದನ್ನೂ ಬಿಟ್ಟ. ಆ ಮೇಷ್ಟ್ರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ನಿನಗೂ ಅಂಥವರು ಯಾರೋ ಸಿಕ್ಕಿರಬೇಕು.

ಆ ಪುಸ್ತಕದಲ್ಲಿ ನಿನಗೆ ಹಿಡಿಸಿದ್ದೇನು ಅಂತ ಸ್ವಲ್ಪ ಕೂತು ನೋಡು. ಪರ್ಸಿ ದೇವರ ಮುಂದೆ ಮಾತಾಡುವ ರೀತಿ ಅಂತ ನೀನೇ ಬರೆದಿದ್ದೀಯ. ನಮ್ಮ ಬಯಲಾಟದ ಸಾರಥಿ ಮಾಡುವುದೂ ಅದನ್ನೇ ಅಲ್ವಾ? ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರ ರಂಗಕ್ಕೆ ಬಂದ ಕೂಡಲೇ ನೀವ್ಯಾರು, ಯಾವ ಊರು ಅಂತ ಕೇಳುತ್ತಾನೆ. ರಾಜನಿರಲಿ, ದೇವರಿರಲಿ, ಅವನಿಗೆ ಹೆಸರು ಹೇಳಲೇಬೇಕು. ಅವರದು ಭಾರೀ ಮಾತು, ಇವನದು ನಮ್ಮ ಓಣಿಯ ಮಾತು. ಎರಡೂ ಎದುರುಬದುರಾದಾಗ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ. ನಿನ್ನ ಪುಸ್ತಕದಲ್ಲೂ ಹಾಗೇ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ನಿಜಕ್ಕೂ ಇರುವುದು 102 ಮಹಡಿ. ಪರ್ಸಿ ಲಿಫ್ಟ್ ಹತ್ತಿ ಅಲ್ಲಿಲ್ಲದ 600ನೇ ಮಹಡಿಗೆ ಹೋಗಿ ಗ್ರೀಕ್ ದೇವತೆಗಳ ರಾಜ ಝಿಯಸ್ ಮುಂದೆ ನಿಲ್ಲುತ್ತಾನೆ. ಅಲ್ಲಿ ನೀನು ಎದ್ದು ಕೂತದ್ದೂ ಅದಕ್ಕೇ.

ಹಾಗಂತ ಸುಮ್ನೆ ಝಿಯಸ್ ಜಾಗದಲ್ಲಿ ಇಂದ್ರನನ್ನು ಕೂರಿಸಿದರೆ ಆಗಲ್ಲ. ನಿನ್ನ ನಾಲ್ಕನೇ ಪುಟದಲ್ಲಿ ಆಗಿರುವುದು ಅಷ್ಟೇ. ಬಿ.ಎಂ.ಶ್ರೀ 1929ರಲ್ಲಿ 'ಅಶ್ವತ್ಥಾಮನ್' ಬರೆದಾಗ ಎದುರಿಗಿದ್ದದ್ದು ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಏಜಾಕ್ಸ್' ನಾಟಕ. ಏಜಾಕ್ಸ್ ಎಂಬ ಆ ಗ್ರೀಕ್ ವೀರ ಅವಮಾನದಿಂದ ಕೆರಳಿ, ಮರುಳು ಹಿಡಿದು, ಶತ್ರುಗಳೆಂದು ದನಕುರಿಗಳನ್ನು ಕಡಿಯುತ್ತಾನೆ. ಅಂಥ ಕುರುಡು ಸಿಟ್ಟನ್ನು ಹೊರಬಲ್ಲವನು ನಮ್ಮಲ್ಲಿ ಅಶ್ವತ್ಥಾಮನೇ. ಮೆಡೂಸಾಳನ್ನೂ ನೋಡು. ಅವಳ ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲಾಗುತ್ತಾರೆ. ಅದಕ್ಕೇ ರಯರ್ಡನ್ ಅವಳಿಗೆ ಕಲ್ಲಿನ ಗೊಂಬೆಗಳ ಅಂಗಡಿ ಇಟ್ಟುಕೊಟ್ಟರು. ಹಳೇ ಕಥೆಯ ಹೊಟ್ಟೆಯಿಂದಲೇ ಬಂದ ಅಂಗಡಿ ಅದು.

ನಿನ್ನ ಪತ್ರದಲ್ಲೂ ಅಂಥದ್ದೊಂದಿದೆ, ನೀನೇ ಗಮನಿಸಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಹೋಗಿದ್ದೆ, ಚಪ್ಪಡಿಕಲ್ಲಿನ ಆ ಪುಟ್ಟ ಮನೆಗಳನ್ನು ಕುಳ್ಳ ಜನ ಕಟ್ಟಿದರಂತೆ, ಬಡಿದರೆ ದೂರ ಕೇಳುವ ಕಲ್ಲಿನ ನಗಾರಿಯೂ ಇದೆ ಎಂದೆಲ್ಲ ಬರೆದು, 'ಅದನ್ನು ಬಡಿದು ಯಾರನ್ನು ಕರೀತಿದ್ರು ಸರ್?' ಎಂದು ಕೇಳಿದ್ದೀಯ. ಆ ಪ್ರಶ್ನೆಯನ್ನು ಕಥೆಗೆ ತರದೆ ನನಗೆ ಬರೆದು ಕಳಿಸಿದ್ದೀಯಲ್ಲ!

ಈ ಕಥೆಯನ್ನು ಬದಿಗಿಡು. ಆ ನಗಾರಿಯಿಂದ ಶುರು ಮಾಡು. ಬರೆದಷ್ಟನ್ನು ತಮ್ಮನಿಗೆ ಓದಿ ಹೇಳು. ಅವನು ಎಲ್ಲಿ ಆಕಳಿಸಿದ, ಎಲ್ಲಿ 'ಆಮೇಲೆ?' ಅಂದ ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕು. ಆ ಗುರುತುಗಳನ್ನು ಅಳಿಸದೆ ಹಾಗೇ ನನಗೆ ಕಳಿಸು.

ನಿನ್ನ ಹಿತೈಷಿ
ಗಂಗಾವತಿ